ಮಂಡಿ ಒಂದೇ, ಸಲಹೆ ಎರಡು

ಕೆನಡಾದ ಒಂಟಾರಿಯೊದಲ್ಲಿ ನಡೆದ ಪರೀಕ್ಷೆಯಿದು. ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರದ್ದೂ ಮಧ್ಯಮ ಪ್ರಮಾಣದ ಮಂಡಿ ಸವೆತ. ಸಂಶೋಧಕರು ಈ ಇಬ್ಬರನ್ನು 71 ವೈದ್ಯರ ಬಳಿಗೆ ಕಳಿಸಿದರು. ನೋವು ಹೇಳಿಕೊಳ್ಳುವ ರೀತಿಯನ್ನೂ ಮೊದಲೇ ಒಂದು ಹದಕ್ಕೆ ತಂದಿದ್ದರು. ಎದುರು ಕೂತವರು ಪರೀಕ್ಷೆಗೆಂದು ಬಂದವರು ಎಂಬ ಸುಳಿವು ವೈದ್ಯರಿಗಿರಲಿಲ್ಲ. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಗಂಡಸಿಗೆ ಹೇಳಿದವರು ಶೇ. 67, ಹೆಂಗಸಿಗೆ ಹೇಳಿದವರು ಶೇ. 33. ಈ ಅಂತರ ಕುಟುಂಬ ವೈದ್ಯರಿಗಿಂತ ಮೂಳೆ ತಜ್ಞರಲ್ಲೇ ಹೆಚ್ಚಾಗಿತ್ತು.

ಮಂಡಿ ಸವೆತದಿಂದ ನರಳುವವರಲ್ಲಿ ಹೆಂಗಸರೇ ಜಾಸ್ತಿ. ಮೂಳೆ ಟೊಳ್ಳಾಗಿ ಸೊಂಟ ಮುರಿದುಕೊಳ್ಳುವವರಲ್ಲೂ ಅವರೇ ಮುಂದು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರಿಗೆ ಮಂಡಿಯೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹಲವು ಪಟ್ಟು. ಇಷ್ಟೆಲ್ಲ ಹೆಂಗಸರ ಕಾಲು ನೋಡುವ ಡಾಕ್ಟರು ಯಾರು? ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮಂದಿ ಹುಡುಗಿಯರು. ಆದರೂ ವೃತ್ತಿಯಲ್ಲಿರುವ ಮೂಳೆ ಶಸ್ತ್ರಚಿಕಿತ್ಸಕರಲ್ಲಿ ಮಹಿಳೆಯರು ನೂರಕ್ಕೆ ಹತ್ತೂ ಇಲ್ಲ, ಕಪ್ಪು ಜನಾಂಗದವರಂತೂ ಎರಡು-ಮೂರು. ಶಸ್ತ್ರಚಿಕಿತ್ಸೆಯ ಬೇರಾವ ಶಾಖೆಯಲ್ಲೂ ಇಷ್ಟು ಏಕರೂಪದ ಮಂದಿ ಸಿಗುವುದು ಕಷ್ಟ.

ಕಾರಣ ಕೇಳಿದರೆ ಮೊದಲು ಬರುವ ಉತ್ತರ ತೋಳ್ಬಲ. ಇದನ್ನು ನಂಬಬೇಕಾಗಿಲ್ಲ. ಆರ್ಥೋಪೆಡಿಕ್ ಆಪರೇಷನ್ ಥಿಯೇಟರು ಬಡಗಿಯ ಕೊಟ್ಟಿಗೆಯಂತೆ ಕಾಣುವುದು ನಿಜ: ಸುತ್ತಿಗೆ, ಉಳಿ, ಗರಗಸ, ಡ್ರಿಲ್. ಆದರೆ ಡ್ರಿಲ್ ತಿರುಗುವುದು ಬ್ಯಾಟರಿಯಿಂದ. ಮುರಿದ ತೊಡೆಮೂಳೆಯನ್ನು ಎಳೆದು ಹಿಡಿಯಲು ಫ್ರ್ಯಾಕ್ಚರ್ ಟೇಬಲ್ ಇದೆ. ಉಳಿದದ್ದು ಸನ್ನೆಗೋಲಿನ ಲೆಕ್ಕ ಮತ್ತು ಕೈಚಳಕ.

ನಿಜವಾದ ಕಾರಣ ಇನ್ನೂ ಸಪ್ಪೆಯಾದದ್ದು: ಈ ಕೆಲಸವನ್ನು ಹುಡುಗಿಯರು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ಮೂಳೆ-ಕೀಲುಗಳ ಪಾಠವನ್ನೇ ಕಡ್ಡಾಯ ಮಾಡದ ವೈದ್ಯಕೀಯ ಕಾಲೇಜುಗಳು ಅಮೆರಿಕದಲ್ಲಿ ಬಹಳಷ್ಟಿದ್ದವು. ಪಾಠ ಕಡ್ಡಾಯವಿದ್ದ ಕಾಲೇಜುಗಳಿಂದ ಆರ್ಥೋಪೆಡಿಕ್ಸ್‌ಗೆ ಹೆಚ್ಚು ಅರ್ಜಿಗಳು ಬರುತ್ತವೆ, ಆ ಹೆಚ್ಚಳ ಮಹಿಳೆಯರಲ್ಲಿ ಇನ್ನೂ ಎದ್ದು ಕಾಣುತ್ತದೆ ಎಂದು 2004ರ ಒಂದು ಅಧ್ಯಯನ ತೋರಿಸಿತು. ಮನಸ್ಸು ಮಾಡುವ ವಯಸ್ಸಿನಲ್ಲಿ ಕಣ್ಣಿಗೆ ಬಿದ್ದರೆ ಮಾತ್ರ ಅದು ಆಯ್ಕೆಯಾಗುತ್ತದೆ. ಈ ಕೊರತೆ ನೀಗಲು ದುಡ್ಡು ಹಾಕಬೇಕಾದ ಜಾಗವೂ ಅದೇ.

ಅಮೆರಿಕದಲ್ಲಿ ಈ ಯೋಚನೆಯಿಂದ ಹುಟ್ಟಿದ ಕಾರ್ಯಕ್ರಮಗಳಲ್ಲಿ ಒಂದು 2009ರ ಪೆರ್ರಿ ಇನಿಶಿಯೇಟಿವ್. ಜೆನ್ನಿ ಬಕ್ಲಿ ಎಂಬ ಎಂಜಿನಿಯರ್ ಮತ್ತು ಲೀಸಾ ಲಟಾಂಜಾ ಎಂಬ ಮೂಳೆ ಶಸ್ತ್ರಚಿಕಿತ್ಸಕಿ ಸೇರಿ ಕಟ್ಟಿದ್ದು. ಹೈಸ್ಕೂಲಿನ ಹುಡುಗಿಯರನ್ನು ಒಂದು ದಿನ ಕರೆಸಿ ಕೈಗೆ ಡ್ರಿಲ್ ಕೊಡುತ್ತಾರೆ. ಎದುರಿಗೆ ಮುರಿದ ಪ್ಲಾಸ್ಟಿಕ್ ಮೂಳೆ. ಅದಕ್ಕೆ ಪ್ಲೇಟು ಕೂರಿಸುವುದು ಸುಲಭವೆನಿಸುತ್ತದೆ, ಹಿಡಿದು ನೋಡುವವರೆಗೆ. ತೂತು ಸ್ಕ್ರೂಗಿಂತ ಕೊಂಚ ಸಣ್ಣದಿರಬೇಕು, ಇಲ್ಲವಾದರೆ ಸ್ಕ್ರೂವಿನ ಸುರುಳಿ ಏಣುಗಳು ಮೂಳೆಯನ್ನು ಕಚ್ಚುವುದಿಲ್ಲ. ಮೂಳೆಯ ಹೊರಪದರ ಗಟ್ಟಿ, ಒಳಗೆ ಮೆದು, ಆಚೆ ಬದಿಯಲ್ಲಿ ಮತ್ತೆ ಗಟ್ಟಿ. ಡ್ರಿಲ್ ಎರಡೂ ಗಟ್ಟಿ ಪದರಗಳನ್ನು ದಾಟಬೇಕು, ದಾಟಿದ ಕ್ಷಣವೇ ನಿಲ್ಲಬೇಕು. ನಿಜವಾದ ಕಾಲಿನಲ್ಲಿ ಅದರಾಚೆ ರಕ್ತನಾಳವಿರುತ್ತದೆ. ಆಮೇಲೆ ಆಳ ಅಳೆದು, ಸರಿಯಾದ ಉದ್ದದ ಸ್ಕ್ರೂ ಆರಿಸಿ, ತಿರುಗಿಸುವುದು. ಇಲ್ಲಿ ಬೇಕಾದದ್ದು ರಟ್ಟೆಯ ಬಲವಲ್ಲ, ಬೆರಳಿಗೆ ತಿಳಿಯುವ ಸೂಕ್ಷ್ಮ. ಯಾವ ಭಾಷಣವೂ ಇದನ್ನು ಇಷ್ಟು ಬೇಗ ಮನದಟ್ಟು ಮಾಡಿಸಲಾರದು.

ಹೆಸರಿನ ಹಿಂದಿರುವ ಜಾಕ್ವೆಲಿನ್ ಪೆರ್ರಿ ಅಮೆರಿಕದ ಮೊದಲ ಮಹಿಳಾ ಮೂಳೆ ಶಸ್ತ್ರಚಿಕಿತ್ಸಕರಲ್ಲಿ ಒಬ್ಬರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವರು. ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಕತ್ತು ನಿಲ್ಲದ ಪೋಲಿಯೋ ರೋಗಿಗಳಿಗಾಗಿ ತಲೆಬುರುಡೆಗೆ ಬಿಗಿಯುವ ಹ್ಯಾಲೋ ಉಂಗುರವನ್ನು ವರ್ನನ್ ನಿಕಲ್ ಜೊತೆ ರೂಪಿಸಿದರು. ಮೆದುಳಿನ ರಕ್ತನಾಳದ ತೊಂದರೆಯಿಂದ ಶಸ್ತ್ರಚಿಕಿತ್ಸೆ ಬಿಡಬೇಕಾಗಿ ಬಂದಾಗ ಮನುಷ್ಯರ ನಡಿಗೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ನಡಿಗೆಯ ವಿಶ್ಲೇಷಣೆಯ ಬಗ್ಗೆ ಅವರು 1992ರಲ್ಲಿ ತಂದ ಪುಸ್ತಕ ಇಂದಿಗೂ ಆಧಾರಗ್ರಂಥ.

ಇಂಥ ಇನ್ನೊಂದು ಕಾರ್ಯಕ್ರಮ ಎನ್ತ್ ಡೈಮೆನ್ಶನ್ಸ್. ಸಂಧಿವಾತದಿಂದ ಶಸ್ತ್ರಚಿಕಿತ್ಸೆ ಕೈಬಿಡಬೇಕಾಗಿ ಬಂದ ಬಾನಿ ಸಿಂಪ್ಸನ್ ಮೇಸನ್ ಎಂಬ ಕಪ್ಪು ವೈದ್ಯೆ 2004ರಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ ಮುಗಿಸಿದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ಎಂಟು ವಾರ ಒಬ್ಬ ಮೂಳೆ ಶಸ್ತ್ರಚಿಕಿತ್ಸಕರ ಬಳಿ ತರಬೇತಿ, ಜೊತೆಗೆ ಸ್ಟೈಪೆಂಡ್. ಈ ಸ್ಟೈಪೆಂಡಿನಲ್ಲೇ ಗುಟ್ಟಿದೆ. ಮನೆಯಲ್ಲಿ ಅನುಕೂಲವಿದ್ದವರು ಬಿಟ್ಟಿಯಾಗಿ ದುಡಿದು ದೊಡ್ಡ ಡಾಕ್ಟರ ಶಿಫಾರಸು ಪತ್ರ ಗಳಿಸುತ್ತಾರೆ. ಇಲ್ಲದವರು ಫೀಸಿಗೋ ಬಾಡಿಗೆಗೋ ಬೇರೆ ಕೆಲಸ ಹುಡುಕುತ್ತಾರೆ. ಮುಂದೆ ನಮ್ಮ ಪಿ.ಜಿ.ಯಂಥ ರೆಸಿಡೆನ್ಸಿಗೆ ಸೀಟು ಹುಡುಕುವಾಗ ಎಣಿಕೆಗೆ ಬರುವುದು ಆ ಪತ್ರವೇ.

ಫಲ ಸಿಕ್ಕಿದೆಯೇ? ಈ ತರಬೇತಿ ಪಡೆದವರು ತಮ್ಮ ಓರಗೆಯವರಿಗಿಂತ ಹಲವು ಪಟ್ಟು ಹೆಚ್ಚಾಗಿ ಆರ್ಥೋಪೆಡಿಕ್ಸ್‌ಗೆ ಅರ್ಜಿ ಹಾಕಿದ್ದಾರೆ ಎಂದು 2016ರ ಅಧ್ಯಯನವೊಂದು ಹೇಳುತ್ತದೆ. ಒಂದು ಎಚ್ಚರ ಬೇಕು: ಇಂಥ ತರಬೇತಿಗೆ ಬರುವವರಿಗೆ ಮೊದಲೇ ಒಲವಿರುತ್ತದೆ. ಎಷ್ಟು ಒಲವಿನದು, ಎಷ್ಟು ತರಬೇತಿಯದು ಎಂದು ಬೇರ್ಪಡಿಸುವುದು ಸುಲಭವಲ್ಲ. ಹೊಸ ರೆಸಿಡೆಂಟರಲ್ಲಿ ಮಹಿಳೆಯರ ಪಾಲು ಏರುತ್ತಿದೆ ಎಂಬುದಂತೂ ದಿಟ. ಈ ಕಾರ್ಯಕ್ರಮಗಳ ಪ್ರಾಯೋಜಕರಲ್ಲಿ ಇಂಪ್ಲಾಂಟ್ ಕಂಪನಿಗಳೂ ಇವೆ. ಇಂದಿನ ವಿದ್ಯಾರ್ಥಿನಿ ನಾಳೆ ಅವರ ಗಿರಾಕಿ ಎಂಬುದನ್ನು ಮರೆಯದೆ ಆ ದುಡ್ಡನ್ನು ತೆಗೆದುಕೊಳ್ಳಬೇಕು.

ದುಡ್ಡು ಮುಟ್ಟದ ತೊಂದರೆಗಳೂ ಇವೆ. ಥಿಯೇಟರಿನಲ್ಲಿ ಎಕ್ಸ್-ರೇ ಹಾಯಿಸುತ್ತಲೇ ಕೆಲಸ ಮಾಡಬೇಕು. ಸಾಮಾನ್ಯ ಸೀಸದ ಏಪ್ರನ್ ಕಂಕುಳ ಬಳಿಯ ಸ್ತನಭಾಗವನ್ನು ಪೂರ್ತಿ ಮುಚ್ಚುವುದಿಲ್ಲ. ಮಹಿಳಾ ಮೂಳೆ ಶಸ್ತ್ರಚಿಕಿತ್ಸಕರಲ್ಲಿ ಸ್ತನ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚು ಕಂಡಿದೆಯೆಂಬ ಅಮೆರಿಕದ ಸಮೀಕ್ಷೆಗಳಿವೆ. ದೊಡ್ಡ ಕೈಗೆ ಮಾಡಿದ ಉಪಕರಣಗಳ ಕಥೆಯೂ ಇಂಥದ್ದೇ. ಸ್ಟೈಪೆಂಡ್ ಕೊಟ್ಟು ಒಳಗೆ ಕರೆದವರು ಒಳ್ಳೆಯ ಏಪ್ರನ್ನನ್ನೂ ಕೊಡಬೇಕಲ್ಲ.

ಈ ವೃತ್ತಿ ಬದಲಾಗುವುದೇ ನಿಧಾನ. ಅಮೆರಿಕದ ಮೂಳೆ ತಜ್ಞರ ಅಕಾಡೆಮಿ ಹುಟ್ಟಿದ್ದು 1933ರಲ್ಲಿ. ರುತ್ ಜಾಕ್ಸನ್ ಅದರ ಮೊದಲ ಮಹಿಳಾ ಸದಸ್ಯೆಯಾದದ್ದು 1937ರಲ್ಲಿ, ಕಪ್ಪು ಜನಾಂಗದ ಜೆ. ರಾಬರ್ಟ್ ಗ್ಲಾಡೆನ್‌ಗೆ ತಜ್ಞ ಮಂಡಳಿಯ ಮನ್ನಣೆ ಸಿಕ್ಕಿದ್ದು 1949ರಲ್ಲಿ. ಕ್ರಿಸ್ಟಿ ವೆಬರ್ ಅಕಾಡೆಮಿಯ ಮೊದಲ ಮಹಿಳಾ ಅಧ್ಯಕ್ಷೆಯಾಗಲು 2019 ಬರಬೇಕಾಯಿತು. ಈಚೆಗೆ ಗಾಳಿ ಎದುರು ಬೀಸುತ್ತಿದೆ. ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿತು. 2025ರಲ್ಲಿ ಫೆಡರಲ್ ಸರ್ಕಾರ ತನ್ನ ವೈವಿಧ್ಯ ಯೋಜನೆಗಳನ್ನೇ ನಿಲ್ಲಿಸಲು ಆದೇಶಿಸಿತು.

ನಮ್ಮ ಎಂಬಿಬಿಎಸ್ ಪಠ್ಯಕ್ರಮದಲ್ಲೂ ಈಗ ವಿದ್ಯಾರ್ಥಿಗಳು ತಮಗಿಷ್ಟದ ವಿಭಾಗ ಆರಿಸಿಕೊಳ್ಳುವ ಇಲೆಕ್ಟಿವ್ ಅವಧಿ ಇದೆ. ಹಳೆಯ ವಿದ್ಯಾರ್ಥಿಗಳ ಸಂಘಗಳು ಕಾಲೇಜಿಗೆ ಮತ್ತೊಂದು ಸ್ವಾಗತ ಕಮಾನು ಕಟ್ಟಿಸುವ ಬದಲು, ಆ ಅವಧಿಯಲ್ಲಿ ಆರ್ಥೋಪೆಡಿಕ್ ವಿಭಾಗ ಸೇರುವ ನಾಲ್ಕು ಹುಡುಗಿಯರಿಗೆ ಊಟ, ವಸತಿ, ಸ್ಟೈಪೆಂಡ್ ಕೊಟ್ಟು ನೋಡಲಿ. ‘ಆರ್ಥೋ ನಿನಗ್ಯಾಕಮ್ಮ’ ಎನ್ನುವ ಹಿರಿಯರು ಅಷ್ಟು ದಿನ ಸುಮ್ಮನಿದ್ದರೆ ಸಾಕು.