ಒಂಟಿ ಆಟಗಾರನಿಗೆ ಉಳಿಯುವ ನಾಲ್ಕನೆಯ ಸ್ಥಾನ

ಗಾಲ್ಫ್ ಒಬ್ಬರೇ ಆಡಬಹುದಾದ ಆಟವಾದರೂ ಹೆಸರಾಂತ ಗಾಲ್ಫ್ ಅಂಗಣಗಳ ವ್ಯವಸ್ಥೆ ಒಂಟಿಯಾಗಿ ಬರುವವರನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡುದಲ್ಲ. ಚೆಂಡನ್ನು ಮೊದಲ ಹೊಡೆತಕ್ಕಾಗಿ ಏರಿಸಿಡುವ ಚಿಕ್ಕ ಗೂಟಕ್ಕೂ ಆ ಹೊಡೆತ ಹೊರಡುವ ಸಮತಟ್ಟು ಜಾಗಕ್ಕೂ ಟೀ ಎಂಬ ಒಂದೇ ಹೆಸರಿದ್ದು, ಒಂದು ತಂಡ ಮೊದಲ ಟೀಯಿಂದ ಆಟ ಆರಂಭಿಸಲು ಗೊತ್ತುಪಡಿಸಿದ ವೇಳೆಯನ್ನು ಟೀ ಟೈಮ್ ಎನ್ನಲಾಗುತ್ತದೆ. ಹದಿನೆಂಟು ಕುಳಿಗಳ ಅಂಗಣದಲ್ಲಿ ಎಲ್ಲರೂ ಒಂದೇ ಜಾಗದಿಂದ ಹೊರಟು ಒಂದೇ ದಾರಿಯಲ್ಲಿ ಸಾಗಬೇಕಾಗುವುದರಿಂದ, ಹಿಂದಿನವರ ಚೆಂಡು ಮುಂದಿನವರ ತಲೆಗೆ ಬೀಳದಷ್ಟು ಅಂತರವಿಟ್ಟು ತಂಡಗಳನ್ನು ಬಿಡಬೇಕಾಗುತ್ತದೆ. ಹೀಗೆ ಹಗಲನ್ನೇ ತುಂಡು ಮಾಡಿ ಹಂಚುವಾಗ ಒಂದು ತುಂಡಿಗೆ ನಾಲ್ವರು ಸೇರಿದರೆ ಅಂಗಣದ ಲೆಕ್ಕ ಸರಿಹೋಗುತ್ತದೆ, ಒಬ್ಬರೇ ಬಂದರೆ ಮೂರು ಸ್ಥಾನಗಳು ವ್ಯರ್ಥವಾಗುತ್ತವೆ. ಆದ್ದರಿಂದಲೇ ಬೇಡಿಕೆ ಹೆಚ್ಚಿರುವ ಕಡೆಗಳಲ್ಲಿ ಒಂಟಿ ಆಟಗಾರರಿಗೆ ಮುಂಗಡವಾಗಿ ವೇಳೆ ಕಾಯ್ದಿರಿಸುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಅವರು ಬೇರೆಯವರು ಬಿಟ್ಟ ಜಾಗವನ್ನೇ ತುಂಬಬೇಕು. ಈ ಸ್ಥಿತಿಯ ಕಷ್ಟವನ್ನೂ ಅದರೊಳಗೇ ಅಡಗಿರುವ ಅನುಕೂಲವನ್ನೂ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದ ಓಲ್ಡ್ ಕೋರ್ಸ್‌ನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇನ್ನೆಲ್ಲಿಯೂ ಕಾಣುವುದು ಕಠಿಣ.

ಫೈಫ್ ಪ್ರಾಂತದ ಕಡಲ ಅಂಚಿನಲ್ಲಿರುವ ಈ ಅಂಗಣವನ್ನು ಗಾಲ್ಫ್ ಲೋಕ ತನ್ನ ತವರೆಂದು ಭಾವಿಸುತ್ತದೆ. ಆಟ ಅಲ್ಲಿಯೇ ಹುಟ್ಟಿತೆಂದು ಖಚಿತವಾಗಿ ಹೇಳಲಾಗದಿದ್ದರೂ, ಒಂದು ಸುತ್ತಿಗೆ ಹದಿನೆಂಟು ಕುಳಿಗಳು ಎಂಬ ಇಂದಿನ ರೂಢಿ ಬೆಳೆದು ಬಂದುದು ಅಲ್ಲಿಂದಲೇ. ಅದಕ್ಕೆ ಮೊದಲು ಇಪ್ಪತ್ತೆರಡು ಕುಳಿಗಳಿದ್ದ ಸುತ್ತನ್ನು 1764ರಲ್ಲಿ ಹದಿನೆಂಟಕ್ಕೆ ಇಳಿಸಲಾಯಿತು. ಓಪನ್ ಚಾಂಪಿಯನ್‌ಶಿಪ್ ಎಂಬ ಹಳೆಯ ಪಂದ್ಯಾವಳಿ ಅಲ್ಲಿ ಮೊದಲು ನಡೆದುದು 1873ರಲ್ಲಿ. ಆ ಪಂದ್ಯಾವಳಿಯ 150ನೆಯ ಆವೃತ್ತಿಯೂ 2022ರಲ್ಲಿ ಅಲ್ಲಿಯೇ ನಡೆಯಿತು. ಇಷ್ಟು ಹೆಸರಿರುವ ಅಂಗಣ ಸಿರಿವಂತ ಸದಸ್ಯರ ಖಾಸಗಿ ಸ್ವತ್ತಾಗಿರಬೇಕೆಂದು ಊಹಿಸುವುದು ಸಹಜ, ಆದರೆ ವಾಸ್ತವ ಅದಕ್ಕೆ ನೇರ ವಿರುದ್ಧವಾಗಿದೆ. ಅಪರಿಚಿತರೊಬ್ಬರು ಯಾರ ಶಿಫಾರಸೂ ಇಲ್ಲದೆ ಅಲ್ಲಿಗೆ ಬಂದು ಆಡುವ ಆಸೆಯಿಟ್ಟುಕೊಳ್ಳಲು ಸಾಧ್ಯವಾಗಿರುವುದಕ್ಕೆ ಕಾರಣವನ್ನು ಆಟದ ನಿಯಮಗಳಲ್ಲಿ ಹುಡುಕಿ ಪ್ರಯೋಜನವಿಲ್ಲ, ಆ ನೆಲದ ಹಕ್ಕಿನ ಇತಿಹಾಸದಲ್ಲಿ ಹುಡುಕಬೇಕು.

ಕಡಲಿಗೂ ಉಳುಮೆಯ ಹೊಲಗಳಿಗೂ ನಡುವೆ ಹರಡಿರುವ, ಮರಳು ಬೆರೆತ, ಬೇಸಾಯಕ್ಕೆ ಒದಗದ ಹುಲ್ಲುಗಾವಲನ್ನು ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಎನ್ನುತ್ತಾರೆ. ಸೇಂಟ್ ಆಂಡ್ರ್ಯೂಸ್‌ನ ಲಿಂಕ್ಸ್ ನಮ್ಮ ಹಳ್ಳಿಗಳ ಗೋಮಾಳದಂತೆ ಊರಿನವರೆಲ್ಲರಿಗೂ ಸೇರಿದ ನೆಲವಾಗಿತ್ತು. ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ 1552ರಲ್ಲಿ ಅಲ್ಲಿ ಮೊಲಗಳನ್ನು ಸಾಕಲು ಅನುಮತಿ ಪಡೆದಾಗ, ಅದೇ ಸನ್ನದಿನಲ್ಲಿ ಆ ನೆಲದ ಮೇಲೆ ಗಾಲ್ಫ್ ಮತ್ತಿತರ ಆಟಗಳನ್ನಾಡುವ ಊರಿನವರ ಹಕ್ಕನ್ನೂ ದೃಢಪಡಿಸಲಾಯಿತು. ಸಾಲದಲ್ಲಿ ಮುಳುಗಿದ ಪುರಸಭೆ 1797ರಲ್ಲಿ ಈ ನೆಲವನ್ನು ಮಾರಿತು. ಬಳಿಕ ಅದು ಮೊಲದ ವ್ಯಾಪಾರಿಗಳ ಕೈಸೇರಿದಾಗ, ಬಿಲ ತೋಡುವ ಮೊಲಗಳು ಆಟದ ನೆಲವನ್ನು ಹಾಳುಗೆಡವುತ್ತಿವೆ ಎಂದು ಗಾಲ್ಫ್ ಆಟಗಾರರು ಹೂಡಿದ ವ್ಯಾಜ್ಯ ಬಹುಕಾಲ ನಡೆಯಿತು. ಗಾಲ್ಫ್ ಪ್ರಿಯನಾದ ಭೂಮಾಲೀಕ ಜೇಮ್ಸ್ ಚೀಪ್ 1821ರಲ್ಲಿ ನೆಲವನ್ನು ಕೊಂಡ ಮೇಲೆ ಜಗಳ ಶಮನವಾಯಿತಾದರೂ, ಲಿಂಕ್ಸ್ ಪಟ್ಟಣಕ್ಕೆ ಮರಳಿದುದು 1894ರಲ್ಲಿ, ಬ್ರಿಟನ್ನಿನ ಸಂಸತ್ತು ಹೊರಡಿಸಿದ ಕಾಯ್ದೆಯ ಮೂಲಕ. ರಾಯಲ್ ಅಂಡ್ ಏನ್ಶಿಯಂಟ್ ಕ್ಲಬ್ಬಿನ ಕಲ್ಲಿನ ಕಟ್ಟಡ ಮೊದಲ ಟೀಯ ಹಿಂದೆಯೇ ಗಂಭೀರವಾಗಿ ನಿಂತಿರುವುದರಿಂದ ಅಂಗಣವೂ ಆ ಕ್ಲಬ್ಬಿನದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕ್ಲಬ್ಬಿಗೆ ಅಲ್ಲಿರುವುದು ಆಡುವ ಕೆಲವು ವಿಶೇಷ ಅವಕಾಶಗಳೇ ಹೊರತು ಒಡೆತನವಲ್ಲ. ಸ್ಥಳೀಯ ಆಡಳಿತದ ಪುನರ್ವ್ಯವಸ್ಥೆಯಲ್ಲಿ ಹಳೆಯ ಪುರಸಭೆ ಇಲ್ಲವಾಗುವ ಹೊತ್ತಿಗೆ, 1974ರ ಮತ್ತೊಂದು ಕಾಯ್ದೆ ಸೇಂಟ್ ಆಂಡ್ರ್ಯೂಸ್ ಲಿಂಕ್ಸ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸಾರ್ವಜನಿಕರ ಪರವಾಗಿ ಅಂಗಣಗಳನ್ನು ನಡೆಸುವ ಹೊಣೆಯನ್ನು ಅದಕ್ಕೆ ವಹಿಸಿತು. ಸಾರ್ವಜನಿಕ ಸ್ವತ್ತೆಂಬುದು ಬರಿಯ ಕಾಗದದ ಮಾತಾಗಿ ಉಳಿದಿಲ್ಲ: ಭಾನುವಾರಗಳಂದು, ದೊಡ್ಡ ಪಂದ್ಯಾವಳಿಗಳ ಸಂದರ್ಭವನ್ನು ಬಿಟ್ಟರೆ, ಓಲ್ಡ್ ಕೋರ್ಸ್‌ನಲ್ಲಿ ಆಟವಿಲ್ಲ, ಊರಿನವರು ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅಲ್ಲಿ ಅಡ್ಡಾಡುತ್ತಾರೆ, ಉಳಿದ ದಿನಗಳಲ್ಲಿಯೂ ಮೊದಲ ಮತ್ತು ಕೊನೆಯ ಕುಳಿಗಳ ಹಾದಿಯನ್ನು ಅಡ್ಡವಾಗಿ ಕೊಯ್ದು ಹೋಗುವ ಸಾರ್ವಜನಿಕ ದಾರಿಯೊಂದರಲ್ಲಿ ಜನ ಕಡಲತೀರಕ್ಕೆ ನಡೆದುಹೋಗುತ್ತಾರೆ.

ಎಲ್ಲರಿಗೂ ಸೇರಿದ ವಸ್ತು ಎಲ್ಲರಿಗೂ ಸಾಲದಾದಾಗ ಹಂಚಿಕೆಯ ನಿಯಮಗಳು ಬೇಕಾಗುತ್ತವೆ, ಓಲ್ಡ್ ಕೋರ್ಸ್‌ನ ಟೀ ಟೈಮ್ ಹಂಚಿಕೆ ಇಂಥ ಹಲವು ಪದರಗಳ ಒಪ್ಪಂದವಾಗಿದೆ. ವಾರ್ಷಿಕ ಟಿಕೆಟ್ ಪಡೆದ ಪಟ್ಟಣವಾಸಿಗಳಿಗೂ ಸ್ಥಳೀಯ ಕ್ಲಬ್ಬುಗಳಿಗೂ ಒಂದು ಪಾಲು ಮೀಸಲು. ಇನ್ನೊಂದು ಪಾಲನ್ನು ಹಿಂದಿನ ವರ್ಷವೇ ಅರ್ಜಿ ಹಾಕುವ ತಂಡಗಳಿಗೂ, ವಸತಿ ಮತ್ತು ಇತರ ಸೌಲಭ್ಯಗಳ ಜೊತೆ ಸೇರಿಸಿ ದುಬಾರಿ ಬೆಲೆಗೆ ಮಾರುವ ಅಧಿಕೃತ ಪ್ರವಾಸ ಸಂಸ್ಥೆಗಳಿಗೂ ಕೊಡಲಾಗುತ್ತದೆ. ಉಳಿದವರಿಗೆ ಬ್ಯಾಲಟ್ ಇದೆ, ಅಂದರೆ ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಟ್ಟವರಲ್ಲಿ ಚೀಟಿ ಎತ್ತಿ ಆರಿಸುವ ಪದ್ಧತಿ. ಬ್ಯಾಲಟ್‌ಗೆ ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರ ತಂಡ ಬೇಕು. ಆದ್ದರಿಂದ ಒಂಟಿ ಆಟಗಾರರು ಮುಂಗಡ ಕಾಯ್ದಿರಿಸುವಿಕೆಯಿಂದಲೂ ಬ್ಯಾಲಟ್‌ನಿಂದಲೂ ಹೊರಗೇ ಉಳಿಯುತ್ತಾರೆ.

ಹೊರಗುಳಿದ ಈ ಸ್ಥಿತಿಯೇ ಅವರ ಬಲವಾಗುವ ಬಗೆಯನ್ನು ಚಿಕ್ಕ ಲೆಕ್ಕವೊಂದರಿಂದ ತಿಳಿಯಬಹುದು. ಹತ್ತು ನಿಮಿಷಕ್ಕೊಂದರಂತೆ ತಂಡಗಳನ್ನು ಬಿಟ್ಟರೆ ಗಂಟೆಗೆ ಆರು ತಂಡಗಳು, ಎಲ್ಲವೂ ಪೂರ್ಣವಾಗಿದ್ದರೆ ಇಪ್ಪತ್ನಾಲ್ಕು ಆಟಗಾರರು ಹೊರಡುತ್ತಾರೆ. ಆದರೆ ಬ್ಯಾಲಟ್‌ನಲ್ಲಿ ಗೆದ್ದವರೆಲ್ಲರೂ ನಾಲ್ವರಾಗಿ ಬರುವುದಿಲ್ಲ. ದಂಪತಿಗಳಿರುತ್ತಾರೆ, ತಂದೆ ಮತ್ತು ಇಬ್ಬರು ಮಕ್ಕಳಿರುತ್ತಾರೆ, ನಾಲ್ವರಲ್ಲಿ ಒಬ್ಬರಿಗೆ ಬೆನ್ನುನೋವು ಬಂದಿರುತ್ತದೆ. ಮೂವರ ತಂಡದಲ್ಲಿ ಉಳಿದ ಒಂದು ಸ್ಥಾನದಿಂದ ಇಬ್ಬರ ಜೋಡಿಗೆ ಯಾವ ಪ್ರಯೋಜನವೂ ಇಲ್ಲ, ಒಂಟಿಯಾಗಿರುವವರಿಗೆ ಮಾತ್ರ ಅದು ತಕ್ಕುದಾಗಿದೆ. ಮೊದಲ ಟೀಯ ಬಳಿ ನಿಂತು ತಂಡಗಳನ್ನು ವೇಳೆಗೆ ಸರಿಯಾಗಿ ಕಳಿಸುವ ಸ್ಟಾರ್ಟರ್ ಎಂಬ ಅಧಿಕಾರಿ ಇಂಥ ತೆರಪುಗಳಲ್ಲಿ ಒಂಟಿ ಆಟಗಾರರನ್ನು ಸೇರಿಸುತ್ತಾ ಬಂದಿರುವುದು ಅಲ್ಲಿನ ಹಳೆಯ ವಾಡಿಕೆ.

ಈ ತೆರಪುಗಳು ಯಾರಿಗೆ ಸಿಗಬೇಕೆಂಬುದನ್ನು ಬಹುಕಾಲ ಸರದಿ ಸಾಲು ತೀರ್ಮಾನಿಸುತ್ತಿತ್ತು. ಮೊದಲ ಟೀಯ ಹತ್ತಿರದ ಓಲ್ಡ್ ಪೆವಿಲಿಯನ್ ಎಂಬ ಕಟ್ಟಡದ ಹೊರಗೆ ಜನ ಬೆಳಗಿನ ಜಾವಕ್ಕೆ ಬಂದು ನಿಲ್ಲುತ್ತಿದ್ದರು. ಬೇಡಿಕೆ ಹೆಚ್ಚಿದಂತೆ ನಡುರಾತ್ರಿಗೆ, ಆಮೇಲೆ ಹಿಂದಿನ ಸಂಜೆಗೇ ಬರತೊಡಗಿದರು. ಕಡಲ ಗಾಳಿಗೆ ಮೈಯೊಡ್ಡಿ, ಮಡಿಸುವ ಕುರ್ಚಿ ಮತ್ತು ಕಂಬಳಿಗಳೊಂದಿಗೆ ರಾತ್ರಿ ಕಳೆದು, ಮುಂಜಾನೆ ಬಾಗಿಲು ತೆರೆದಾಗ ಹೆಸರು ಬರೆಸುವುದು ಒಂದು ಬಗೆಯ ವ್ರತವೇ ಆಗಿ, ಆಟದ ಫಲಿತಾಂಶಕ್ಕಿಂತ ಸಾಲಿನ ಕಥೆಯೇ ದೊಡ್ಡದಾಗಿ ಬೆಳೆಯಿತು. ಲಿಂಕ್ಸ್ ಟ್ರಸ್ಟ್ 2024ರ ವಸಂತದಲ್ಲಿ ಈ ಪದ್ಧತಿಯನ್ನು ಕೈಬಿಟ್ಟು ಒಂಟಿ ಆಟಗಾರರಿಗೂ ಪ್ರತ್ಯೇಕ ದೈನಿಕ ಚೀಟಿಯನ್ನು ಜಾರಿಗೆ ತಂದಿತು. ಈಗ ಆಡಬಯಸುವವರು ಹಿಂದಿನ ದಿನ ಹಗಲಿನಲ್ಲಿ ಸ್ವತಃ ಬಂದು ಹೆಸರು ನೋಂದಾಯಿಸಬೇಕು, ಮರುದಿನದ ತೆರಪುಗಳಿಗೆ ಗಣಕಯಂತ್ರ ಹೆಸರುಗಳನ್ನು ಆರಿಸುತ್ತದೆ, ಆಯ್ಕೆಯಾದವರಿಗೆ ಸಂಜೆಯ ವೇಳೆಗೆ ಸಂದೇಶ ತಲಪುತ್ತದೆ.

ಈ ಬದಲಾವಣೆಯನ್ನು ವಿಷಾದದಿಂದ ನೋಡಿದವರು ಕಡಿಮೆಯೇನಲ್ಲ, ಅವರ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ: ಸಾಲಿನಲ್ಲಿ ಹೆಚ್ಚು ಹೊತ್ತು ಕಾಯಲು ಸಿದ್ಧರಿದ್ದವರಿಗೆ ಸ್ಥಾನ ಬಹುಮಟ್ಟಿಗೆ ಖಾತ್ರಿಯಾಗುತ್ತಿತ್ತು, ಚೀಟಿಯಲ್ಲಿ ಯಾವ ಪ್ರಯತ್ನದಿಂದಲೂ ಅದೃಷ್ಟವನ್ನು ಹೆಚ್ಚಿಸಿಕೊಳ್ಳಲಾಗದು. ಆದರೆ ಸಾಲು ನ್ಯಾಯವಾಗಿ ತೋರುತ್ತಿದ್ದುದು ಅದರಲ್ಲಿ ನಿಲ್ಲಬಲ್ಲವರ ಕಣ್ಣಿಗೆ ಮಾತ್ರ. ರಾತ್ರಿಯಿಡೀ ಚಳಿಯಲ್ಲಿ ಕುಳಿತು ಮರುದಿನ ನಾಲ್ಕು ಗಂಟೆ ನಡೆಯುವ ಶಕ್ತಿ ಎಪ್ಪತ್ತರ ಹಿರಿಯರಿಗೆ ಇರಲಾರದು, ಅಪರಿಚಿತ ಊರಿನಲ್ಲಿ ಒಂಟಿಯಾಗಿ ರಾತ್ರಿ ಹೊರಗೆ ಕಳೆಯಲು ಮಹಿಳೆಯರು ಹಿಂಜರಿಯುವುದು ಸಹಜ, ಒಂದು ರಾತ್ರಿಯ ನಿದ್ದೆ ಕೆಡಿಸಿಕೊಳ್ಳಬಲ್ಲ ತರುಣರಿಗೇ ಅದು ಒದಗುತ್ತಿತ್ತು. ಸ್ವತಃ ಬಂದು ನೋಂದಾಯಿಸಬೇಕೆಂಬ ಷರತ್ತನ್ನು ಉಳಿಸಿಕೊಂಡಿರುವುದು ಈ ಹೊಸ ಪದ್ಧತಿಯ ಜಾಣತನವೆನ್ನಬೇಕು. ಜಗತ್ತಿನ ಯಾವ ಮೂಲೆಯಿಂದಲಾದರೂ ಮೊಬೈಲಿನಲ್ಲಿ ಬೆರಳೊತ್ತಿ ಹೆಸರು ಕೊಡುವಂತಿದ್ದರೆ ಅರ್ಜಿಗಳು ಲೆಕ್ಕಕ್ಕೆ ಸಿಗದಷ್ಟಾಗಿ, ಊರಿನಲ್ಲೇ ಇದ್ದು ಕಾಯುತ್ತಿರುವವರ ಅವಕಾಶ ಹೆಚ್ಚುಕಡಿಮೆ ಶೂನ್ಯಕ್ಕೆ ಇಳಿಯುತ್ತಿತ್ತು.

ಹೆಸರು ಬಂದರೂ ಹಣ ಉಳಿಯುವುದಿಲ್ಲ. ಒಂದು ಸುತ್ತು ಆಡಲು ಕೊಡಬೇಕಾದ ಗ್ರೀನ್ ಫೀ 2024ರ ಬೇಸಿಗೆಯಲ್ಲಿ 320 ಪೌಂಡ್ ಇತ್ತು, ಆಟದ ಸಲಕರಣೆಯ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಯ ಸಂಭಾವನೆ ಅದಕ್ಕೆ ಹೊರತಾದುದು. ಹಣದ ಜೊತೆಗೆ ಹ್ಯಾಂಡಿಕ್ಯಾಪ್ ಪ್ರಮಾಣಪತ್ರವೂ ಬೇಕು. ಹ್ಯಾಂಡಿಕ್ಯಾಪ್ ಎಂದರೆ, ನುರಿತವರು ಒಂದು ಸುತ್ತನ್ನು ಮುಗಿಸಲು ಬೇಕಾದ ನಿಗದಿತ ಹೊಡೆತಗಳಿಗಿಂತ ಒಬ್ಬ ಆಟಗಾರನಿಗೆ ಸುಮಾರು ಎಷ್ಟು ಹೆಚ್ಚು ಹೊಡೆತಗಳು ಬೇಕಾಗಬಹುದೆಂದು ಹಿಂದಿನ ಆಟಗಳ ಆಧಾರದಿಂದ ಕಟ್ಟಿದ ಅಂಕಿ; ಅದು ಕಡಿಮೆಯಾದಷ್ಟೂ ಆಟ ಉತ್ತಮ. ಕೇವಲ ಕುತೂಹಲಕ್ಕೆ ಬಂದವರು ಚೆಂಡು ಹುಡುಕುತ್ತಾ ಹಿಂದಿನವರನ್ನೆಲ್ಲ ತಡೆದು ನಿಲ್ಲಿಸಬಾರದೆಂಬುದು ಈ ಷರತ್ತಿನ ಉದ್ದೇಶ. 2020ರಿಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಗೆ ಬಂದಿರುವುದರಿಂದ ಬೆಂಗಳೂರಿನ ಕ್ಲಬ್ಬೊಂದರಲ್ಲಿ ಗಳಿಸಿದ ಅಂಕಿ ಸ್ಕಾಟ್ಲೆಂಡಿನಲ್ಲಿಯೂ ಅದೇ ಅರ್ಥದಲ್ಲಿ ಓದಲ್ಪಡುತ್ತದೆ. ಬೆಂಗಳೂರಿನ ಆಟಗಾರರಿಗೆ ಆ ಊರು ಅಪರಿಚಿತವೂ ಅಲ್ಲ, ಅದಿತಿ ಅಶೋಕ್ 2015ರಲ್ಲಿ ಹವ್ಯಾಸಿ ಆಟಗಾರ್ತಿಯಾಗಿ ಸೇಂಟ್ ರೂಲ್ ಟ್ರೋಫಿಯನ್ನು ಗೆದ್ದುದು ಸೇಂಟ್ ಆಂಡ್ರ್ಯೂಸ್‌ನಲ್ಲಿಯೇ. ಆದರೂ ಅಲ್ಲಿನ ವ್ಯವಸ್ಥೆ ಕರ್ನಾಟಕದವರಿಗೆ ತುಸು ವಿಚಿತ್ರವಾಗಿ ಕಾಣಬಹುದು; 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ ಮೊದಲಾಗಿ ನಮ್ಮ ಹಳೆಯ ಅಂಗಣಗಳು ಸದಸ್ಯತ್ವದ ಆಧಾರದ ಮೇಲೆ ಬೆಳೆದವು, ಹೊರಗಿನವರು ಅಲ್ಲಿಗೆ ಸಾಮಾನ್ಯವಾಗಿ ಸದಸ್ಯರ ಅತಿಥಿಯಾಗಿ ಬರುತ್ತಾರೆ.

ಸೇಂಟ್ ಆಂಡ್ರ್ಯೂಸ್ ಕೈಬಿಟ್ಟ ರಾತ್ರಿಯ ಸಾಲು ಅಮೆರಿಕದ ಬೆತ್‌ಪೇಜ್‌ನಲ್ಲಿ ಕಾರುಗಳ ಸಾಲಾಗಿ ಬೇರೂರಿದೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿ, ರಾಜ್ಯ ಸರ್ಕಾರದ ಉದ್ಯಾನದೊಳಗೆ 1936ರಲ್ಲಿ ತೆರೆದ ಬ್ಲ್ಯಾಕ್ ಕೋರ್ಸ್ 2002ರಲ್ಲಿ ಯು.ಎಸ್. ಓಪನ್ ನಡೆಸಿದ ಮೇಲೆ, ಅಂಕಿ ಬರೆದ ನಿಲುಗಡೆ ಜಾಗಗಳಲ್ಲಿ ಕಾರು ನಿಲ್ಲಿಸಿ ಒಳಗೇ ಮಲಗಿ ಬೆಳಗಿನ ಟೀ ಟೈಮ್‌ಗಾಗಿ ಕಾಯುವುದು ಅಲ್ಲಿ ಪ್ರಸಿದ್ಧ ಆಚರಣೆಯಾಯಿತು. ಮೊದಲ ಟೀಯ ಬಳಿ, ಇದು ಅತಿ ಕಠಿಣ ಅಂಗಣ, ನುರಿತವರಿಗೆ ಮಾತ್ರ ತಕ್ಕುದು ಎಂಬ ಎಚ್ಚರಿಕೆಯ ಫಲಕವಿದ್ದರೂ ಯಾರೂ ಅದನ್ನು ಓದಿ ಹಿಂದಿರುಗಿದಂತೆ ಕಾಣುವುದಿಲ್ಲ. ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನಲ್ಲಿ ಆದ್ಯತೆ ಅಲ್ಲಿನ ದುಬಾರಿ ಹೋಟೆಲುಗಳಲ್ಲಿ ತಂಗುವವರಿಗೆ. ಉಳಿದವರು ಆಡುವ ದಿನ ಹತ್ತಿರವಾದಾಗ ಕೇಳಿ ನೋಡಬೇಕು, ಆಗಲೂ ಸಿಗುವ ಒಂದೇ ಸ್ಥಾನ ಒಂಟಿ ಆಟಗಾರರಿಗೇ ಒದಗುವುದು ಹೆಚ್ಚು.

ಸೇಂಟ್ ಆಂಡ್ರ್ಯೂಸ್‌ಗೆ ಹೋಗುವವರು ಚೀಟಿಯೊಂದನ್ನೇ ನಂಬಿ ಒಂದೇ ದಿನದ ಮಟ್ಟಿಗೆ ಹೋಗುವುದು ಜಾಣತನವಲ್ಲ. ಅದೇ ಟ್ರಸ್ಟಿನ ಆಡಳಿತದಲ್ಲಿ ಒಟ್ಟು ಏಳು ಅಂಗಣಗಳಿದ್ದು, 1895ರಷ್ಟು ಹಳೆಯದಾದ ನ್ಯೂ ಕೋರ್ಸ್ ಮತ್ತು ಅದರ ಪಕ್ಕದ ಜುಬಿಲಿ ಕೋರ್ಸ್ ಓಲ್ಡ್ ಕೋರ್ಸ್‌ನ ಮಗ್ಗುಲಲ್ಲೇ ಅದೇ ಮರಳು ನೆಲದ ಮೇಲೆ ಹರಡಿವೆ. ಅಲ್ಲಿ ವೇಳೆ ಸಿಗುವುದು ಸುಲಭ, ಶುಲ್ಕವೂ ಕಡಿಮೆ, ನಾಲ್ಕೈದು ದಿನ ಉಳಿದು ಅಲ್ಲಿ ಆಡುತ್ತಾ ದಿನವೂ ಚೀಟಿಗೆ ಹೆಸರು ಕೊಡುವವರ ಅವಕಾಶ ಹೆಚ್ಚು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಟೀ ಟೈಮ್‌ಗಳೂ ಹೆಚ್ಚು, ಆದರೆ ಜಗತ್ತಿನ ಎಲ್ಲ ಕಡೆಯಿಂದ ಜನ ಬರುವುದೂ ಆಗಲೇ. ಚಳಿಗಾಲದಲ್ಲಿ ಶುಲ್ಕ ಇಳಿಯುತ್ತದೆ, ಪ್ರವಾಸಿಗರು ವಿರಳವಾಗುತ್ತಾರೆ. ಹುಲ್ಲನ್ನು ಉಳಿಸಲು ಆಟಗಾರರು ಚಿಕ್ಕ ಚಾಪೆಯೊಂದನ್ನು ಜೊತೆಗೊಯ್ದು, ಹುಲ್ಲುಹಾದಿಯಲ್ಲಿ ಬಿದ್ದ ಚೆಂಡನ್ನು ಅದರ ಮೇಲಿಟ್ಟು ಹೊಡೆಯಬೇಕಾಗುತ್ತದೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ತಡವಾಗಿ ಹೊರಟವರು ಹದಿನೆಂಟನೆಯ ಕುಳಿಯನ್ನು ತಲಪುವುದೇ ಸಂದೇಹ.