ಒಂದು ಮೈನಸ್ ಚಿಹ್ನೆಯ ಬೆಲೆ

ಪ್ರಥಮ ಪಿಯುಸಿಯ ಮಧ್ಯಾವಧಿ ಪರೀಕ್ಷೆ. ಲೆಕ್ಕದ ವಿಧಾನ ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಉತ್ತರ ತಪ್ಪಾಯಿತು. 5 − 2(ಎಕ್ಸ್ − 3) ಎಂಬುದನ್ನು ಬಿಡಿಸುವಾಗ 5 − 2ಎಕ್ಸ್ − 6 ಎಂದು ಬರೆದಿದ್ದೆ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್. ಕೊನೆಗೆ +6 ಬರಬೇಕಿತ್ತು.

"ಕಣ್ತಪ್ಪಷ್ಟೇ" ಎಂದು ಮನೆಯಲ್ಲಿ ಹೇಳಿ ಪಾರಾದೆ. ಮುಂದಿನ ಟೆಸ್ಟಿನಲ್ಲೂ ಅದೇ ತಪ್ಪು! ಆಗ ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದೆ. ಹೋದ ಅಂಕಗಳಲ್ಲಿ ಹೆಚ್ಚಿನವು ಆವರಣದ ಮುಂದಿನ ಮೈನಸ್ಸಿನಿಂದಲೇ ಹೋಗಿದ್ದವು.

ಈಗ ಆವರಣ ಬಿಡಿಸಿದ ಕೂಡಲೇ ಎಕ್ಸ್ ಬದಲು 1 ಹಾಕಿ ನೋಡುತ್ತೇನೆ. ಮೂಲ ಸಾಲಿಗೆ 9 ಬರುತ್ತದೆ; ನನ್ನ ತಪ್ಪು ಸಾಲಿಗೆ −3. ಅಲ್ಲೇ ಸಿಕ್ಕಿಬೀಳುತ್ತದೆ.

ಗೆಳೆಯರೇ, ನಿಮ್ಮ ಹಳೆಯ ಉತ್ತರಪತ್ರಿಕೆಗಳನ್ನೂ ಒಮ್ಮೆ ತೆಗೆದು ನೋಡಿ. ಮತ್ತೆ ಮತ್ತೆ ಬರುವ ತಪ್ಪು ಕಣ್ತಪ್ಪಲ್ಲ, ಅಭ್ಯಾಸ. ಗುರುತಿಸಿದರೆ ಬಿಡಬಹುದು.