ಫೋಟೋ ಝೂಮ್ ಮಾಡಿದರೆ ಕಾಣದ ಮುಖ ಕಾಣುತ್ತದೆಯೇ? ಚಿತ್ರ ದೊಡ್ಡದಾಗುವುದರ ಹಿಂದಿನ ಲೆಕ್ಕ

'ಸಿಸಿಟಿವಿಯಲ್ಲಿ ಸಿಕ್ಕ ಫೋಟೋ ಝೂಮ್ ಮಾಡಿ ಕ್ಲಿಯರ್ ಮಾಡಿದ್ದೇವೆ, ಇವನೇ ಕಳ್ಳ, ಎಲ್ಲಾ ಗ್ರೂಪ್‌ಗೂ ಕಳುಹಿಸಿ.' ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಜೊತೆಗೆ ಎರಡು ಚಿತ್ರ: ಎಡಗಡೆ ಮಸುಕು ಮಸುಕಾದ ಒಂದು ಮುಖ, ಬಲಗಡೆ ಹುಬ್ಬಿನ ಕೂದಲೂ ಎಣಿಸುವಷ್ಟು ಸ್ಪಷ್ಟವಾದ ಮುಖ. ಬಲಗಡೆಯ ಮುಖ ನಿಜವಾಗಿಯೂ ಎಡಗಡೆಯವನದೇ?

ಫೋನಿಗೆ ಫೋಟೋ ಎಂದರೆ ಸಾಲು ಸಾಲಾಗಿ ಜೋಡಿಸಿದ ಅಂಕಿಗಳು. ಕಪ್ಪು-ಬಿಳುಪು ಚಿತ್ರದಲ್ಲಿ ಸಾಮಾನ್ಯವಾಗಿ 0 ಎಂದರೆ ಕಡುಕಪ್ಪು, 255 ಎಂದರೆ ಅಚ್ಚ ಬಿಳಿ. ಹೀಗೆ ಅಡ್ಡ ಸಾಲು, ಉದ್ದ ಸಾಲುಗಳಲ್ಲಿ ನಿಂತ ಅಂಕಿಗಳ ಗುಂಪನ್ನೇ ಗಣಿತದಲ್ಲಿ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಪಿಯುಸಿಯಲ್ಲಿ ಓದಿ ಮರೆತಿದ್ದರೂ ಚಿಂತೆಯಿಲ್ಲ. ನಾಲ್ಕೇ ಚುಕ್ಕಿಗಳ ಒಂದು ಪುಟ್ಟ ಚಿತ್ರ ತೆಗೆದುಕೊಳ್ಳೋಣ:

10 200
90 40

ಇದನ್ನು ಎರಡು ಪಟ್ಟು ದೊಡ್ಡದು ಮಾಡಬೇಕು. ಅತಿ ಸರಳ ದಾರಿ ಎಂದರೆ ಪ್ರತಿ ಅಂಕಿಯನ್ನೂ ಅಡ್ಡಕ್ಕೆ ಎರಡು ಸಲ, ಉದ್ದಕ್ಕೆ ಎರಡು ಸಲ ಬರೆಯುವುದು:

10 10 200 200
10 10 200 200
90 90 40 40
90 90 40 40

ಪೈಥಾನ್ ಭಾಷೆಯ ನಂಪೈ ಲೈಬ್ರರಿಯಲ್ಲಿ ಇದಕ್ಕೆ 'ರಿಪೀಟ್' ಎಂಬ ಆದೇಶವಿದೆ. ಮ್ಯಾಟ್‌ಲ್ಯಾಬ್‌ನಲ್ಲಿ 'ರೆಪ್‌ಎಲೆಮ್'. ಗಣಿತದವರು ಇದನ್ನೇ ಬರೀ 1ಗಳಿರುವ ಇನ್ನೊಂದು ಮ್ಯಾಟ್ರಿಕ್ಸ್ ಜೊತೆಗಿನ ಕ್ರೋನೆಕರ್ ಗುಣಲಬ್ಧ ಎಂದು ಬರೆಯುತ್ತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ. ಹೊಸದಾಗಿ ಕಲಿಯುವವರು ಒಂದು ಕಡೆ ಎಡವುತ್ತಾರೆ (ನಾವೂ ಎಡವಿದ್ದೇವೆ): ನಂಪೈಗೆ ಯಾವ ದಿಕ್ಕಿನಲ್ಲಿ ಎಂದು ಹೇಳದೆ 'ರಿಪೀಟ್' ಎಂದರೆ, ಅದು ಇಡೀ ಚಿತ್ರವನ್ನು ಒಂದೇ ಉದ್ದ ಸಾಲಾಗಿ ಬಿಚ್ಚಿಟ್ಟುಬಿಡುತ್ತದೆ. 'ಟೈಲ್' ಎಂಬ ಇನ್ನೊಂದು ಆದೇಶವಿದೆ, ಅದು ಚಿತ್ರವನ್ನು ಹಿಗ್ಗಿಸುವುದಿಲ್ಲ, ನೆಲಕ್ಕೆ ಟೈಲ್ಸ್ ಹಾಕಿದಂತೆ ಅದೇ ಚಿತ್ರವನ್ನು ಪಕ್ಕಪಕ್ಕ ಜೋಡಿಸುತ್ತದೆ.

ಈಗ ಮೇಲಿನ ದೊಡ್ಡ ಚಿತ್ರವನ್ನು ಮತ್ತೆ ನೋಡಿ. 16 ಅಂಕಿಗಳಿವೆ, ಆದರೆ ಹೊಸ ಸುದ್ದಿ ಒಂದೂ ಇಲ್ಲ. ದೋಸೆ ಹಿಟ್ಟಿಗೆ ನೀರು ಹಾಕಿದರೆ ಪಾತ್ರೆ ತುಂಬಬಹುದು, ಅಕ್ಕಿ ಹೆಚ್ಚಾಗುವುದಿಲ್ಲ.

'ನಾನು ಝೂಮ್ ಮಾಡಿದಾಗ ಚೌಕಗಳು ಕಾಣುವುದಿಲ್ಲವಲ್ಲ' ಎನ್ನಬಹುದು. ಸರಿ. ಸಾಮಾನ್ಯವಾಗಿ ಗ್ಯಾಲರಿ ಆ್ಯಪ್‌ಗಳು ಅಂಕಿಗಳ ನಡುವೆ ಸರಾಸರಿ ತುಂಬಿ ಅಂಚುಗಳನ್ನು ನಯ ಮಾಡುತ್ತವೆ. 10 ಮತ್ತು 200ರ ಮಧ್ಯೆ 105 ಬಂದು ಕೂರುತ್ತದೆ. ಕಣ್ಣಿಗೆ ಹಿತ, ಆದರೆ ಆ 105ನ್ನು ಕ್ಯಾಮೆರಾ ನೋಡಿಲ್ಲ. ಇನ್ನು, ನಿಮ್ಮದೇ ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋವನ್ನು ಝೂಮ್ ಮಾಡಿದರೆ ನಿಜಕ್ಕೂ ಹೊಸ ವಿವರ ಕಾಣುತ್ತದೆ. ಕಾರಣ, ಅಷ್ಟು ಚುಕ್ಕಿಗಳು ಪರದೆಯಲ್ಲಿ ಹಿಡಿಸದೆ ಮೊದಲು ಕುಗ್ಗಿಸಿ ತೋರಿಸಲಾಗಿರುತ್ತದೆ. ಕ್ಯಾಮೆರಾ ಕಂಡ ಚುಕ್ಕಿಗಳು ಮುಗಿದ ಮೇಲೆ ಉಳಿಯುವುದು ಮೇಲಿನ ಲೆಕ್ಕವೇ.

ಬರೀ ನಕಲು ಮಾಡುವ ವಿಧಾನ ದಡ್ಡತನ ಎಂದುಕೊಳ್ಳಬೇಡಿ. ಭೂಬಳಕೆಯ ನಕ್ಷೆಯೊಂದರಲ್ಲಿ 1 ಎಂದರೆ ಗದ್ದೆ, 2 ಎಂದರೆ ಮನೆ, 3 ಎಂದರೆ ಕೆರೆ ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದು ಹಿಗ್ಗಿಸಿದರೆ ಗದ್ದೆಗೂ ಕೆರೆಗೂ ನಡುವೆ ಇಲ್ಲದ ಮನೆ ಎದ್ದು ನಿಲ್ಲುತ್ತದೆ! ಅಲ್ಲಿ ನಕಲೇ ಸರಿ. ಕ್ಯೂಆರ್ ಕೋಡ್ ದೊಡ್ಡದು ಮಾಡುವಾಗಲೂ ಅಷ್ಟೇ.

ತೊಂದರೆ ಶುರುವಾಗುವುದು ಮೂರನೇ ವಿಧಾನದಲ್ಲಿ. ಎಐ ಆ್ಯಪ್‌ಗಳು ನಕಲೂ ಮಾಡುವುದಿಲ್ಲ, ಬರೀ ಸರಾಸರಿಗೂ ನಿಲ್ಲುವುದಿಲ್ಲ. ಕಲಿಕೆಗೆ ಬಳಸಿದ ರಾಶಿ ರಾಶಿ ಫೋಟೋಗಳ ಆಧಾರದ ಮೇಲೆ 'ಇಲ್ಲಿ ಹೀಗಿದ್ದಿರಬಹುದು' ಎಂದು ಊಹಿಸಿ ಬಿಡಿಸುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಪಲ್ಸ್ ಎಂಬ ವಿಧಾನ ಪ್ರಕಟಿಸಿದರು. 16 ಅಡ್ಡ, 16 ಉದ್ದ, ಅಂದರೆ ಒಟ್ಟು 256 ಚುಕ್ಕಿಗಳ ಮುಖವನ್ನು 1024 ಅಡ್ಡ, 1024 ಉದ್ದಕ್ಕೆ ಏರಿಸುತ್ತದೆ. ಒಂದು ಚುಕ್ಕಿಗೆ 4,096 ಚುಕ್ಕಿ! ಯಾರೋ ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟು ನೋಡಿದರು. ಹೊರಬಂದದ್ದು ಒಬ್ಬ ಬಿಳಿಯ ವ್ಯಕ್ತಿಯ ಸ್ಪಷ್ಟ ಮುಖ.

ವಿಧಾನ ಕೆಟ್ಟಿರಲಿಲ್ಲ. ಕುಗ್ಗಿಸಿದರೆ ಕೊಟ್ಟ ಮಸುಕು ಚಿತ್ರಕ್ಕೆ ಹೊಂದುವ ಯಾವುದಾದರೂ ಒಂದು ಮುಖ ಹುಡುಕುವುದಷ್ಟೇ ಅದರ ಕೆಲಸ, ಹೊಂದುವ ಮುಖಗಳು ಎಷ್ಟೋ ಇರುತ್ತವೆ. 0, 20, 10, 10ರ ಸರಾಸರಿ 10. ನಾಲ್ಕು 10ಗಳ ಸರಾಸರಿಯೂ 10. ಬರೀ 10 ಕೈಯಲ್ಲಿ ಹಿಡಿದು ಮೊದಲು ಯಾವುದಿತ್ತು ಎಂದು ಯಾರೂ ಹೇಳಲಾರರು. ಇದರಿಂದ ವ್ಯಕ್ತಿಗಳನ್ನು ಗುರುತಿಸಲಾಗದು ಎಂದು ಸಂಶೋಧಕರೇ ಹೇಳಿದ್ದರು. ಫಾರ್ವರ್ಡ್ ಮಾಡುವವರು ಆ ಸಾಲು ಹೇಳುವುದಿಲ್ಲ.

2021ರ ನವೆಂಬರ್‌ನಲ್ಲಿ ಅಮೆರಿಕದ ಕೆನೋಶಾ ನ್ಯಾಯಾಲಯದಲ್ಲಿ, ಕೈಲ್ ರಿಟನ್‌ಹೌಸ್ ವಿಚಾರಣೆಯ ವೇಳೆ, ಐಪ್ಯಾಡ್‌ನಲ್ಲಿ ವಿಡಿಯೋ ಝೂಮ್ ಮಾಡಿ ತೋರಿಸಬಹುದೇ ಎಂಬುದೇ ವಾದವಾಯಿತು. ಝೂಮ್ ಮಾಡಿದರೆ ಇಲ್ಲದ್ದು ಸೇರುತ್ತದೆ ಎಂದರು ಆರೋಪಿಯ ವಕೀಲರು. ಅವರು ತಂತ್ರಜ್ಞಾನವನ್ನು ವಿವರಿಸಿದ ರೀತಿ ಗೊಂದಲಮಯವಾಗಿತ್ತು, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ನ್ಯಾಯಾಲಯದಲ್ಲಿ ಕೇಳುವವರಾದರೂ ಇದ್ದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ವಾಟ್ಸ್‌ಆ್ಯಪ್‌ನ 'ಮಕ್ಕಳ ಕಳ್ಳರು' ಎಂಬ ಸುಳ್ಳು ಸುದ್ದಿಗೆ ಒಬ್ಬ ಯುವಕ ಜೀವ ಕಳೆದುಕೊಂಡ. ಅಲ್ಲಿ ಎಐ ಚಿತ್ರದ ಪಾತ್ರವಿರಲಿಲ್ಲ, ಗ್ರೂಪ್‌ಗಳ ವೇಗವೊಂದೇ ಸಾಕಾಯಿತು.

ಹಾಗಾದರೆ ಏನು ನೋಡಬೇಕು? ಫೋನಿನಲ್ಲಿ ಫೋಟೋದ ವಿವರ ತೆರೆದರೆ ಅದರ ಅಡ್ಡ-ಉದ್ದ ಅಳತೆ ಕಾಣುತ್ತದೆ. ಅದನ್ನು ನಂಬಬೇಡಿ, ಏಕೆಂದರೆ ನಕಲು ಮಾಡಿ ಹಿಗ್ಗಿಸಿದ ಚಿತ್ರದಲ್ಲೂ ಆ ಅಂಕಿ ದೊಡ್ಡದೇ ಇರುತ್ತದೆ. ಬದಲಿಗೆ ಮೂಲ ಚಿತ್ರ ಕೇಳಿ, ಅದರಲ್ಲಿ ಮುಖದ ಭಾಗ ಎಷ್ಟು ಚುಕ್ಕಿಗಳಲ್ಲಿ ಕೂತಿದೆ ನೋಡಿ. ಬೆರಳೆಣಿಕೆಯ ಚೌಕಗಳಷ್ಟೇ ಇದ್ದರೆ, ಪಕ್ಕದಲ್ಲಿರುವ ಆ 'ಕ್ಲಿಯರ್' ಮುಖದ ಹುಬ್ಬು, ಮೂಗು, ಮಚ್ಚೆ ಎಲ್ಲವೂ ಸಾಫ್ಟ್‌ವೇರ್ ಬಿಡಿಸಿದ್ದು.